ಖಾಲಿಯಲ್ಲದ ಬಯಲು: ಕಾನ್ಸಾಸ್ ಹುಲ್ಲುನಾಡಿನ ದಾರಿಯಲ್ಲಿ ಒಂದು ದಿನ



ಅಮೆರಿಕದಲ್ಲಿ ನೆಲೆಸಿರುವ ಮಗನ ಮನೆಗೋ ಮಗಳ ಮನೆಗೋ ಹೋಗಿಬಂದ ನಮ್ಮ ಕಡೆಯ ತಂದೆ-ತಾಯಿಗಳನ್ನು 'ಅಲ್ಲಿ ಏನೇನು ನೋಡಿದಿರಿ' ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ ಇರುತ್ತದೆ. ನಯಾಗರ ಜಲಪಾತ, ನ್ಯೂಯಾರ್ಕಿನ ಸ್ವಾತಂತ್ರ್ಯ ದೇವಿಯ ಪ್ರತಿಮೆ, ವಾಷಿಂಗ್ಟನ್ನಿನ ಶ್ವೇತಭವನ, ಗ್ರ್ಯಾಂಡ್ ಕ್ಯಾನ್ಯನ್ ಕಮರಿ. ಪೂರ್ವದ ಕರಾವಳಿ ಒಂದು, ಪಶ್ಚಿಮದ ಕರಾವಳಿ ಇನ್ನೊಂದು. ನಡುವೆ ಇರುವ ಸಾವಿರಾರು ಮೈಲಿ ನೆಲವನ್ನು ವಿಮಾನದ ಕಿಟಕಿಯಿಂದ ನೋಡಿದವರೇ ಹೆಚ್ಚು. ಅಮೆರಿಕನ್ನರೂ ಇದಕ್ಕೆ ಹೊರತಲ್ಲ. ತಮ್ಮದೇ ದೇಶದ ಈ ನಡುನಾಡನ್ನು ಅವರು 'ಮೇಲಿಂದ ಹಾರಿಹೋಗುವ ಸೀಮೆ' ಎಂದು ತಮಾಷೆ ಮಾಡುವುದುಂಟು.

ಆ ಹಾರಿಹೋಗುವ ಸೀಮೆಯಲ್ಲಿ ಇಳಿದು, ಒಂದೇ ದಿನದಲ್ಲಿ ನೋಡಿ ಮುಗಿಸಬಹುದಾದ ಒಂದು ದಾರಿಯ ಕಥೆ ಇದು. ದೇಶದ ಭೂಪಟದ ನಟ್ಟನಡುವೆ ಇರುವ ಕಾನ್ಸಾಸ್ ರಾಜ್ಯದಲ್ಲಿ, ಕೌನ್ಸಿಲ್ ಗ್ರೋವ್ ಎಂಬ ಸಣ್ಣ ಊರಿನಿಂದ ದಕ್ಷಿಣದ ಕ್ಯಾಸೊಡೆ ಎಂಬ ಇನ್ನೂ ಸಣ್ಣ ಊರಿನವರೆಗೆ ರಾಜ್ಯ ಹೆದ್ದಾರಿ 177 ಸಾಗುತ್ತದೆ. ಉದ್ದ 47 ಮೈಲಿ, ಅಂದರೆ ಸುಮಾರು 76 ಕಿಲೋಮೀಟರ್. ಎಲ್ಲೂ ನಿಲ್ಲದೆ ಹೋದರೆ ಒಂದು ಗಂಟೆಯ ಹಾದಿ. ನಿಂತು ನೋಡುವವರಿಗೆ ಬೆಳಗಿನಿಂದ ಸಂಜೆಯವರೆಗೂ ಸಾಲದು. 2005ರಲ್ಲಿ ಅಮೆರಿಕ ಸರ್ಕಾರ ಇದನ್ನು ರಾಷ್ಟ್ರೀಯ ರಮ್ಯಮಾರ್ಗಗಳ ಪಟ್ಟಿಗೆ ಸೇರಿಸಿತು.

ಆದರೆ ಮೊದಲ ನೋಟಕ್ಕೆ ಇಲ್ಲಿ ರಮ್ಯವಾದದ್ದು ಏನು ಎಂದು ಹುಡುಕಬೇಕಾಗುತ್ತದೆ. ಎತ್ತರದ ಪರ್ವತವಿಲ್ಲ, ಜಲಪಾತವಿಲ್ಲ, ದಟ್ಟ ಕಾಡಿಲ್ಲ. ಅಲೆಯ ಮೇಲೆ ಅಲೆ ಬಂದಂತೆ ಏಳುವ ಇಳಿಯುವ ಗುಡ್ಡಗಳು, ಅವುಗಳ ಮೈತುಂಬ ಹುಲ್ಲು, ಮೇಲೆ ಆಕಾಶ, ನಡುವೆ ನಿಲ್ಲದ ಗಾಳಿ. ನಮ್ಮ ಬಯಲುಸೀಮೆಯ ದನದ ಕಾವಲುಗಳನ್ನು ಕಂಡವರಿಗೆ ಆ ನೋಟದ ಅಂದಾಜು ಸಿಕ್ಕೀತು. ಅದನ್ನು ನೂರು ಪಟ್ಟು ಹಿಗ್ಗಿಸಿಕೊಳ್ಳಬೇಕು, ಅಷ್ಟೆ. ಹೊಸಬರು ಕಾರಿನಿಂದ ಇಳಿದು ಸುತ್ತ ನೋಡಿ 'ಇಲ್ಲಿ ಏನೂ ಇಲ್ಲವಲ್ಲ!' ಎಂದುಕೊಂಡರೆ ಆಶ್ಚರ್ಯವಿಲ್ಲ. ಈ ದಾರಿಯನ್ನು ಅರಿಯಬೇಕಾದರೆ ಆ ಮಾತನ್ನೇ ಸ್ವಲ್ಪ ಕೆದಕಿ ನೋಡಬೇಕು. ಈ ಬಯಲು ಖಾಲಿಯಾಗಿ ಹುಟ್ಟಿದ್ದಲ್ಲ. ಇದನ್ನು ಖಾಲಿ ಮಾಡಲಾಯಿತು, ಅದೂ ಒಂದು ಸಲವಲ್ಲ. ಹಾಗೆಯೇ, ಇಲ್ಲಿ ಉಳಿದಿರುವ ಹುಲ್ಲು ತಾನಾಗಿ ಉಳಿದದ್ದೂ ಅಲ್ಲ.

ಮೊದಲು ಹುಲ್ಲಿನ ವಿಚಾರ. ಯುರೋಪಿನ ಜನ ಬರುವ ಮೊದಲು ಉತ್ತರ ಅಮೆರಿಕದ ಒಡಲಿನಲ್ಲಿ ಸುಮಾರು 17 ಕೋಟಿ ಎಕರೆಯಷ್ಟು ಎತ್ತರದ ಹುಲ್ಲಿನ ಬಯಲು ಹರಡಿತ್ತು. ಇದಕ್ಕೆ ಫ್ರೆಂಚರು 'ಪ್ರೇರಿ' ಎಂದರು. ಅವರ ಭಾಷೆಯಲ್ಲಿ ಹುಲ್ಲುಗಾವಲು ಎಂದೇ ಅದರ ಅರ್ಥ. ಇಂದು ಅದರಲ್ಲಿ ಉಳಿದಿರುವುದು ನೂರಕ್ಕೆ ನಾಲ್ಕು ಪಾಲಿಗಿಂತ ಕಡಿಮೆ. ಉಳಿದದ್ದು ಎಲ್ಲಿ ಹೋಯಿತು? ನೇಗಿಲಿಗೆ ಹೋಯಿತು. 1837ರಲ್ಲಿ ಜಾನ್ ಡೀರ್ ಎಂಬ ಕಮ್ಮಾರ ಇಲಿನಾಯ್ ರಾಜ್ಯದಲ್ಲಿ ಉಕ್ಕಿನ ನೇಗಿಲನ್ನು ತಯಾರಿಸಿದ. ಹುಲ್ಲಿನ ಬೇರು ಹೆಣೆದುಕೊಂಡ, ಅಂಟುವ ಕಪ್ಪು ಮಣ್ಣನ್ನು ಅದು ಸಲೀಸಾಗಿ ಸೀಳಿತು. ಒಂದೆರಡು ತಲೆಮಾರಿನಲ್ಲೇ ಇಲಿನಾಯ್, ಅಯೋವಾ ರಾಜ್ಯಗಳ ಪ್ರೇರಿ ಮೆಕ್ಕೆಜೋಳದ ಹೊಲವಾಯಿತು. 'ಪ್ರೇರಿ ರಾಜ್ಯ' ಎಂಬ ಬಿರುದು ಹೊತ್ತ ಇಲಿನಾಯ್‌ನಲ್ಲಿ ಇಂದು ಮೂಲ ಪ್ರೇರಿಯ ಸಾವಿರದಲ್ಲಿ ಒಂದು ಪಾಲೂ ಉಳಿದಿಲ್ಲ.

ಹಾಗಾದರೆ ಕಾನ್ಸಾಸ್‌ನ ಈ ಗುಡ್ಡಗಳಲ್ಲಿ ಮಾತ್ರ ಹುಲ್ಲು ಹೇಗೆ ಉಳಿಯಿತು? ಉತ್ತರ ಕಾಲಡಿಯಲ್ಲಿಯೇ ಇದೆ. ಸುಮಾರು 28 ಕೋಟಿ ವರ್ಷಗಳ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರವಿತ್ತು. ಅದು ಬಿಟ್ಟುಹೋದ ಸುಣ್ಣಕಲ್ಲಿನ ಪದರಗಳಲ್ಲಿ ಚಕಮಕಿ ಕಲ್ಲಿನ ಗಂಟುಗಳು ಸೇರಿಕೊಂಡಿವೆ. ಮಳೆಗೆ ಸುಣ್ಣಕಲ್ಲು ಸವೆಯುತ್ತದೆ, ಚಕಮಕಿ ಸವೆಯುವುದಿಲ್ಲ. ಹೀಗೆ ಗುಡ್ಡದ ಇಳಿಜಾರಿನ ತುಂಬ ಚೂಪಾದ ಕಲ್ಲಿನ ಚೂರುಗಳು ಉಳಿದವು. ನೇಗಿಲು ಹೂಡಿದ ರೈತನಿಗೆ ಇಲ್ಲಿ ಬೆಳೆಗಿಂತ ಮೊದಲು ಮುರಿದ ಕುಳ ಸಿಕ್ಕಿತು. 1806ರಲ್ಲಿ ಈ ದಾರಿಯಾಗಿ ಹೋದ ಸೇನಾಧಿಕಾರಿ ಜೆಬ್ಯುಲನ್ ಪೈಕ್ ತನ್ನ ದಿನಚರಿಯಲ್ಲಿ ಈ ಕಲ್ಲುಗುಡ್ಡಗಳನ್ನು ಗುರುತಿಸಿಕೊಂಡಿದ್ದ. ಫ್ಲಿಂಟ್ ಹಿಲ್ಸ್, ಅಂದರೆ ಚಕಮಕಿ ಗುಡ್ಡಗಳು ಎಂಬ ಹೆಸರು ಇಂದಿಗೂ ನಿಂತಿದೆ. ಕಲ್ಲು ನೇಗಿಲನ್ನು ತಡೆಯಿತು, ಹುಲ್ಲು ಬದುಕಿಕೊಂಡಿತು.

ಈ ಹುಲ್ಲು ಕನ್ನಡಿಗರಿಗೆ ಪೂರ್ತಿ ಅಪರಿಚಿತವೇನೂ ಅಲ್ಲ. ಇಲ್ಲಿನ ಮುಖ್ಯ ಹುಲ್ಲಿಗೆ ದೊಡ್ಡ ಬ್ಲೂಸ್ಟೆಮ್ ಎಂದು ಹೆಸರು. ಸಸ್ಯಶಾಸ್ತ್ರದ ಪ್ರಕಾರ ನಮ್ಮ ಜೋಳ, ಕಬ್ಬು, ಲಾವಂಚ, ಮಜ್ಜಿಗೆಹುಲ್ಲು ಯಾವ ಬಳಗಕ್ಕೆ ಸೇರಿವೆಯೋ ಇದೂ ಅದೇ ಬಳಗದ್ದು. ಮಳೆ ಚೆನ್ನಾದ ವರ್ಷ, ತಗ್ಗಿನ ನೆಲದಲ್ಲಿ, ಶರತ್ಕಾಲದ ಹೊತ್ತಿಗೆ ಇದು ಆಳೆತ್ತರ ಮೀರಿ ಬೆಳೆಯುತ್ತದೆ. ಆದರೆ ಕಣ್ಣಿಗೆ ಕಾಣುವುದು ಅರ್ಧ ಮಾತ್ರ. ಇದರ ಬೇರು ನೆಲದೊಳಗೆ ಹತ್ತಡಿಯವರೆಗೂ ಇಳಿಯಬಲ್ಲದು. ಬರ ಬಂದರೂ, ಬೆಂಕಿ ಬಿದ್ದರೂ, ದನ ಮೇದರೂ ಮತ್ತೆ ಚಿಗುರುವ ಗುಟ್ಟು ಆ ಬೇರಿನಲ್ಲಿದೆ.

ಇನ್ನು ದಾರಿ ಹಿಡಿಯೋಣ. ಬೆಳಗಿನ ಹೊತ್ತು ಕೌನ್ಸಿಲ್ ಗ್ರೋವ್‌ನಲ್ಲಿ. ನಿಯೋಶೋ ನದಿಯ ದಡದ ಈ ಊರಿನ ಹೆಸರಿಗೆ 'ಸಭೆಯ ತೋಪು' ಎಂದು ಅರ್ಥ. ಸಭೆ ನಡೆದದ್ದು 1825ರ ಆಗಸ್ಟ್ 10ರಂದು, ಒಂದು ಓಕ್ ಮರದ ಕೆಳಗೆ. ಆ ಕಾಲಕ್ಕೆ ಮಿಸೌರಿಯಿಂದ ಸಾಂಟಾ ಫೆವರೆಗೆ ಸುಮಾರು 900 ಮೈಲಿಯ ವ್ಯಾಪಾರದ ಹಾದಿ ತೆರೆದು ನಾಲ್ಕು ವರ್ಷವಾಗಿತ್ತು. ಸಾಂಟಾ ಫೆ ಆಗ ಮೆಕ್ಸಿಕೊ ದೇಶದ ಊರು. ಆದ್ದರಿಂದ ಇದು ಎರಡು ದೇಶಗಳ ನಡುವಿನ ವಾಣಿಜ್ಯ ಮಾರ್ಗ. ಗಾಡಿಗಳು ಓಸೇಜ್ ಬುಡಕಟ್ಟಿನವರ ನೆಲದ ಮೇಲೆ ನಿರಾತಂಕವಾಗಿ ಹೋಗಲೆಂದು ಅಮೆರಿಕ ಸರ್ಕಾರದ ಪ್ರತಿನಿಧಿಗಳು ಅವರೊಡನೆ ಕರಾರು ಮಾಡಿಕೊಂಡರು. ಕೊಟ್ಟ ಬೆಲೆ ಸರಕು ಮತ್ತು ಹಣ ಸೇರಿ 800 ಡಾಲರ್. ಆ ಮರ 1958ರ ಬಿರುಗಾಳಿಗೆ ಉರುಳಿತು. ಅದರ ಬೊಡ್ಡೆಯನ್ನು ಒಂದು ಚಪ್ಪರದ ಅಡಿಯಲ್ಲಿ ಕಾಪಾಡಿ ಇಟ್ಟಿದ್ದಾರೆ.

ಮರಗಳಿಗೆ ಈ ಊರಿನ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ, ಏಕೆಂದರೆ ಪಶ್ಚಿಮಕ್ಕೆ ಹೋಗುವವರಿಗೆ ಗಟ್ಟಿ ಮರ ಸಿಗುತ್ತಿದ್ದ ಕೊನೆಯ ತಾಣ ಇದು. ಮುಂದೆ ಬರೀ ಹುಲ್ಲು. ಹೀಗಾಗಿ ಗಾಡಿಯವರು ಇಲ್ಲಿ ತಂಗಿ, ಅಚ್ಚು ಮುರಿದರೆ ಇರಲಿ ಎಂದು ಮರ ಕಡಿದು ಗಾಡಿಯ ಕೆಳಗೆ ಕಟ್ಟಿಕೊಳ್ಳುತ್ತಿದ್ದರು. ಇನ್ನೊಂದು ಓಕ್ ಮರದ ಬುಡದ ಪೊಟರೆ ಅಂಚೆ ಪೆಟ್ಟಿಗೆಯಾಗಿತ್ತು. ಹೋಗುವವರು ಕಾಗದ ಬಿಟ್ಟು ಹೋಗುವುದು, ಬರುವವರು ಎತ್ತಿಕೊಂಡು ಊರಿಗೆ ಮುಟ್ಟಿಸುವುದು! 1847ರಲ್ಲಿ ಸೆತ್ ಹೇಯ್ಸ್ ಎಂಬ ವ್ಯಾಪಾರಿ ಇಲ್ಲಿ ನೆಲೆಯೂರಿದ. 1857ರಲ್ಲಿ ಅವನು ಕಟ್ಟಿಸಿದ ಹೋಟೆಲಿನ ಕಟ್ಟಡವೂ, ಅದೇ ವರ್ಷ ಎದ್ದ 'ಕೊನೆಯ ಅವಕಾಶ' ಎಂಬ ಹೆಸರಿನ ಕಲ್ಲಿನ ಅಂಗಡಿಯೂ ಊರಿನ ಗುರುತಿನ ಕಟ್ಟಡಗಳು. ಇಲ್ಲಿ ಕೊಳ್ಳದಿದ್ದರೆ ಮುಂದೆ ಸಿಗದು ಎಂಬ ಎಚ್ಚರಿಕೆ ಆ ಅಂಗಡಿಯ ಹೆಸರಿನಲ್ಲೇ ಇತ್ತು.

ಗಾಡಿಗಳ ಈ ಸಾಹಸದ ಕಥೆಯನ್ನು ಪ್ರವಾಸಿಗಳಿಗೆ ಹೇಳುವವರು ಬಹಳ. ಆದರೆ ಊರಿನ ಉತ್ತರ ಭಾಗದಲ್ಲಿರುವ ಎರಡಂತಸ್ತಿನ ಕಲ್ಲಿನ ಕಟ್ಟಡ ಬೇರೆಯ ಕಥೆ ಹೇಳುತ್ತದೆ. ಅದು ಕಾ ಮಿಷನ್. ಕಾ, ಅಥವಾ ಕಾನ್ಸಾ, ಒಂದು ಬುಡಕಟ್ಟು. 'ತೆಂಕಣ ಗಾಳಿಯ ಜನ' ಎಂದು ಅವರ ಹೆಸರಿಗೆ ಅರ್ಥ ಹೇಳುತ್ತಾರೆ. ಕಾನ್ಸಾಸ್ ಎಂಬ ರಾಜ್ಯಕ್ಕೂ ನದಿಗೂ ಹೆಸರು ಬಂದದ್ದು ಅವರಿಂದಲೇ. ಒಂದು ಕಾಲಕ್ಕೆ ಇಂದಿನ ಉತ್ತರ ಮತ್ತು ಪೂರ್ವ ಕಾನ್ಸಾಸ್‌ನ ಬಹುಭಾಗ ಅವರ ಬೇಟೆಯ ನೆಲವಾಗಿತ್ತು. 1825ರ ಕರಾರಿನಲ್ಲಿ ಅದರ ಬಹುಪಾಲು ಹೋಯಿತು. 1846ರ ಕರಾರಿನಿಂದ ಅವರು ಕೌನ್ಸಿಲ್ ಗ್ರೋವ್ ಸುತ್ತಲಿನ, 20 ಮೈಲಿ ಉದ್ದ 20 ಮೈಲಿ ಅಗಲದ ಮೀಸಲು ನೆಲಕ್ಕೆ ಬಂದರು. 1859ರ ಕರಾರಿನಲ್ಲಿ ಅದೂ 9 ಮೈಲಿಗೆ 14 ಮೈಲಿಯಷ್ಟಕ್ಕೆ ಕುಗ್ಗಿತು.

ಮಿಷನ್ ಕಟ್ಟಡ ಎದ್ದದ್ದು 1851ರಲ್ಲಿ. ಕಾ ಹುಡುಗರಿಗೆ ಬೇಸಾಯವನ್ನೂ ಇಂಗ್ಲಿಷನ್ನೂ ಕಲಿಸುವ ಉದ್ದೇಶದಿಂದ ಮೆಥಡಿಸ್ಟ್ ಚರ್ಚು ನಡೆಸಿದ ಶಾಲೆ ಅದು. ಸುಮಾರು ಮೂವತ್ತು ಹುಡುಗರಿದ್ದರು. ಅವರಲ್ಲಿ ಹೆಚ್ಚಿನವರು ತಬ್ಬಲಿಗಳು. ಹೆತ್ತವರಿದ್ದ ಮಕ್ಕಳನ್ನು ಬುಡಕಟ್ಟು ಶಾಲೆಗೆ ಬಿಡಲು ಮನಸ್ಸು ಮಾಡಲಿಲ್ಲ. ಮೂರೇ ವರ್ಷಕ್ಕೆ, 1854ರಲ್ಲಿ, ಶಾಲೆ ಮುಚ್ಚಿತು. ಅದೇ ಕೋಣೆಗಳಲ್ಲಿ ಮುಂದೆ ಬಿಳಿಯ ವಲಸಿಗರ ಮಕ್ಕಳು ಓದಿದರು. ಇಂದು ಅದು ರಾಜ್ಯದ ವಸ್ತುಸಂಗ್ರಹಾಲಯ.

ಅದೇ ವರ್ಷ ಕಾನ್ಸಾಸ್ ಪ್ರಾಂತ್ಯವನ್ನು ವಲಸೆಗೆ ತೆರೆಯಲಾಯಿತು. 1862ರ ಹೋಮ್‌ಸ್ಟೆಡ್ ಕಾಯಿದೆ ನೆಲೆಸಿ ಉತ್ತವರಿಗೆ 160 ಎಕರೆ ಕೊಡುವ ಭರವಸೆ ನೀಡಿತು. ಕಾ ಜನರ ಮೀಸಲು ನೆಲದಲ್ಲಿ ಅತಿಕ್ರಮಣ ಹೆಚ್ಚಿತು. ಸಿಡುಬು ಬಂದು ನೂರಾರು ಜನ ಸತ್ತರು. ಬೇಟೆಯ ಪ್ರಾಣಿ ದೂರವಾಯಿತು, ಹಸಿವು ಹತ್ತಿರವಾಯಿತು. ಮುಖ್ಯಸ್ಥ ಅಲ್ಲೆಗವಾಹೊ ಬೇಡವೆಂದರೂ ಕೇಳುವವರಿರಲಿಲ್ಲ. 1873ರ ಬೇಸಿಗೆಯಲ್ಲಿ ಉಳಿದಿದ್ದ ಐನೂರು ಚಿಲ್ಲರೆ ಜನ ತೆಂಕಣಕ್ಕೆ, ಇಂದಿನ ಒಕ್ಲಹೋಮಕ್ಕೆ, ನಡೆದುಹೋದರು. ಯಾರ ಹೆಸರನ್ನು ರಾಜ್ಯ ಇಟ್ಟುಕೊಂಡಿತೋ ಅವರಿಗೇ ಆ ರಾಜ್ಯದಲ್ಲಿ ಜಾಗವಿಲ್ಲವಾಯಿತು. ಹೊಸ ನೆಲದಲ್ಲಿ ಹದಿನೈದು ವರ್ಷಗಳಲ್ಲಿ ಅವರ ಸಂಖ್ಯೆ ಇನ್ನೂರರ ಆಸುಪಾಸಿಗೆ ಇಳಿಯಿತು. ಬಯಲು ಖಾಲಿಯಾದ ಮೊದಲ ಬಗೆ ಇದು.

ಈ ಕಥೆಗೆ ಒಂದು ವಿಚಿತ್ರ ತಿರುವೂ ಇದೆ. 1860ರ ದಶಕದಲ್ಲಿ ಕೌನ್ಸಿಲ್ ಗ್ರೋವ್ ಬಳಿಯ ಮೀಸಲು ನೆಲದಲ್ಲಿ, ತಾಯಿಯಿಲ್ಲದ ಒಬ್ಬ ಹುಡುಗ ಕಾ ವಂಶದ ಅಜ್ಜಿಯ ಆಸರೆಯಲ್ಲಿ ಕೆಲಕಾಲ ಬೆಳೆದ. ಹೆಸರು ಚಾರ್ಲ್ಸ್ ಕರ್ಟಿಸ್. ಮುಂದೆ ಅವನು ವಕೀಲನಾಗಿ, ಸಂಸತ್ತಿಗೆ ಆಯ್ಕೆಯಾಗಿ, 1929ರಿಂದ 1933ರವರೆಗೆ ಹರ್ಬರ್ಟ್ ಹೂವರ್ ಅವರ ಕೈಕೆಳಗೆ ಅಮೆರಿಕದ ಉಪರಾಷ್ಟ್ರಾಧ್ಯಕ್ಷನೇ ಆದ. ಮೂಲನಿವಾಸಿ ವಂಶದಿಂದ ಆ ಸ್ಥಾನಕ್ಕೇರಿದ ಮೊದಲಿಗ ಅವನು. ಆದರೆ ಬುಡಕಟ್ಟುಗಳ ಸ್ವಂತ ಆಡಳಿತವನ್ನೂ ನ್ಯಾಯಾಲಯಗಳನ್ನೂ ರದ್ದು ಮಾಡಿದ 1898ರ ಕಾಯಿದೆಗೆ ಇರುವುದೂ ಅವನದೇ ಹೆಸರು. 1902ರಲ್ಲಿ ಕಾ ಬುಡಕಟ್ಟೇ ಕಾನೂನಿನ ದೃಷ್ಟಿಯಲ್ಲಿ ಇಲ್ಲವಾಯಿತು; ಅದರ ನೆಲವನ್ನು ಸದಸ್ಯರಿಗೆ ತುಂಡುತುಂಡಾಗಿ ಹಂಚಲಾಯಿತು. 1959ರಲ್ಲಷ್ಟೇ ಅದಕ್ಕೆ ಮತ್ತೆ ಮಾನ್ಯತೆ ಸಿಕ್ಕಿತು. ಪೂರ್ಣ ಕಾ ರಕ್ತದವರಲ್ಲಿ ಕೊನೆಯವರಾದ ವಿಲಿಯಂ ಮೆಹೊಜಾ 2000ದಲ್ಲಿ ತೀರಿಕೊಂಡರು.

ಕಥೆ ಅಲ್ಲಿಗೇ ಮುಗಿದಿದ್ದರೆ ಕೌನ್ಸಿಲ್ ಗ್ರೋವ್ ಕೇವಲ ಒಂದು ಸ್ಮಾರಕವಾಗುತ್ತಿತ್ತು. ಆದರೆ ಕಾ ರಾಷ್ಟ್ರ ಎಂದು ಕರೆದುಕೊಳ್ಳುವ ಈ ಸಮುದಾಯ ಒಕ್ಲಹೋಮದಲ್ಲಿ ಬದುಕಿದೆ. ಊರಿನ ಆಗ್ನೇಯಕ್ಕೆ, ಹಿಂದೆ ತಮ್ಮ ಹಳ್ಳಿಯಿದ್ದ ಕಡೆ, ಸುಮಾರು 168 ಎಕರೆಯನ್ನು ಅವರು ದುಡ್ಡು ಕೊಟ್ಟು ಮರಳಿ ಕೊಂಡರು. ಅದಕ್ಕೆ ಅಲ್ಲೆಗವಾಹೊ ಹೆಸರಿಟ್ಟರು. ಅವರು ಪವಿತ್ರವೆಂದು ಪೂಜಿಸುತ್ತಿದ್ದ ಒಂದು ಕೆಂಪು ಬಂಡೆಗಲ್ಲು ಕಾನ್ಸಾಸ್ ನದಿಯ ಬಳಿ ಇತ್ತು. ತೂಕ ಸುಮಾರು 28 ಟನ್. 1929ರಲ್ಲಿ ಲಾರೆನ್ಸ್ ನಗರದವರು ಅದನ್ನು ಎತ್ತಿ ತಂದು, ತಮ್ಮ ಊರನ್ನು ಸ್ಥಾಪಿಸಿದ ಬಿಳಿಯರ ಹೆಸರುಗಳ ಫಲಕವನ್ನು ಅದಕ್ಕೆ ಜಡಿದು ಉದ್ಯಾನದಲ್ಲಿ ನಿಲ್ಲಿಸಿದ್ದರು. 2023ರಲ್ಲಿ ಆ ಬಂಡೆ ಲಾರೆನ್ಸ್‌ನಿಂದ ಹೊರಟಿತು. 2024ರಲ್ಲಿ ಅಲ್ಲೆಗವಾಹೊ ಉದ್ಯಾನದಲ್ಲಿ ಕಾ ಜನರ ಸಮ್ಮುಖದಲ್ಲಿ ಪ್ರತಿಷ್ಠೆಯಾಯಿತು.

ಕೌನ್ಸಿಲ್ ಗ್ರೋವ್ ಬಿಟ್ಟು ದಕ್ಷಿಣಕ್ಕೆ ಹೊರಟರೆ ದಾರಿಯ ಎರಡೂ ಬದಿ ಹುಲ್ಲು ತೆರೆದುಕೊಳ್ಳುತ್ತದೆ. ಏಪ್ರಿಲ್ ತಿಂಗಳಲ್ಲಿ ಬಂದವರಿಗೆ ಹಸಿರಿಗೆ ಬದಲು ಕಪ್ಪು ಗುಡ್ಡಗಳು ಕಾಣುತ್ತವೆ, ರಾತ್ರಿ ಹೊತ್ತು ದಿಗಂತದಲ್ಲಿ ಬೆಂಕಿಯ ಗೆರೆಗಳು. ಇದು ಕಾಳ್ಗಿಚ್ಚಲ್ಲ, ಬೇಕೆಂದೇ ಹಚ್ಚಿದ ಬೆಂಕಿ. ಇಲ್ಲಿ ಬೀಳುವ ಮಳೆಗೆ ಮರಗಳು ಧಾರಾಳವಾಗಿ ಬೆಳೆಯಬಲ್ಲವು. ಕೆಲವು ವರ್ಷ ಬೆಂಕಿ ಬೀಳದಿದ್ದರೆ ಕೆಂಪು ಸೀಡರ್ ಮರಗಳೂ ಪೊದೆಗಳೂ ಹುಲ್ಲನ್ನು ಮುಚ್ಚಿಬಿಡುತ್ತವೆ. ಮೂಲನಿವಾಸಿಗಳು ಹುಲ್ಲಿಗೆ ಬೆಂಕಿಯಿಡುತ್ತಿದ್ದರು. ಹೊಸ ಚಿಗುರಿಗೆ ಬೇಟೆಯ ಪ್ರಾಣಿಗಳು ಬರುತ್ತವೆ ಎಂಬುದು ಅವರ ಅನುಭವ. ಅವರನ್ನು ಹೊರಹಾಕಿದ ದನಗಾಹಿಗಳು ಅವರ ಬೆಂಕಿಯನ್ನು ಮಾತ್ರ ಉಳಿಸಿಕೊಂಡರು. ಸುಟ್ಟ ನೆಲದ ಹೊಸ ಹುಲ್ಲು ಮೇದ ಎಳೆ ಹೋರಿಗಳು ಬೇಗ ಮೈತುಂಬಿಕೊಳ್ಳುತ್ತವೆ ಎಂಬುದು ಅವರ ಲೆಕ್ಕ.

ಆ ಲೆಕ್ಕಕ್ಕೂ ಇನ್ನೊಂದು ಮಗ್ಗುಲಿದೆ. ಪ್ರತಿ ವಸಂತದಲ್ಲೂ ಲಕ್ಷಾಂತರ ಎಕರೆಯನ್ನು ಒಂದೇ ಸಮನೆ ಸುಟ್ಟರೆ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ಮರೆಯೇ ಇರುವುದಿಲ್ಲ. ಹೊಗೆ ಗಾಳಿಯೊಡನೆ ನೂರಾರು ಮೈಲಿ ಹೋಗಿ ದೂರದ ನಗರಗಳ ಜನರನ್ನೂ ಕಾಡುತ್ತದೆ. ಹುಲ್ಲು ಉಳಿಯಲು ಬೆಂಕಿ ಬೇಕು. ಆದರೆ ಎಷ್ಟು, ಎಲ್ಲಿ, ಎಷ್ಟು ವರ್ಷಕ್ಕೊಮ್ಮೆ ಎಂಬುದು ಇಂದಿಗೂ ಇಲ್ಲಿನ ಬಿಸಿಬಿಸಿ ಚರ್ಚೆ.

ಸುಮಾರು ಹದಿನೇಳು ಮೈಲಿ ಕ್ರಮಿಸಿದ ಮೇಲೆ ಬಲಗಡೆ ದಿಣ್ಣೆಯ ಮೇಲೆ ಸುಣ್ಣಕಲ್ಲಿನ ಭವ್ಯ ಮನೆಯೊಂದು ಕಾಣುತ್ತದೆ. ಇದೇ ಸ್ಪ್ರಿಂಗ್ ಹಿಲ್ ರ‍್ಯಾಂಚ್. ಸ್ಟೀಫನ್ ಜೋನ್ಸ್ ಎಂಬ ದನಗಳ ವ್ಯಾಪಾರಿ 1878ರಲ್ಲಿ ಇಲ್ಲಿಗೆ ಬಂದು, ಹನ್ನೊಂದು ಕೋಣೆಗಳ ಮನೆಯನ್ನೂ ಮೂರಂತಸ್ತಿನ ಕಲ್ಲಿನ ಕೊಟ್ಟಿಗೆಯನ್ನೂ ಕಟ್ಟಿಸಿದ. ಕೊಟ್ಟಿಗೆಯ ಮೇಲಂತಸ್ತಿಗೆ ಬಂಡಿಗಳೇ ಏರುವಂತೆ ಇಳಿಜಾರು ದಾರಿ ಮಾಡಲಾಗಿದೆ. ಜಮೀನಿನ ಸುತ್ತ ಕಲ್ಲಿನ ಗೋಡೆಗಳು. ದನಗಳನ್ನು ಎಲ್ಲೆಂದರಲ್ಲಿ ಬಿಡುವ ಪದ್ಧತಿಯನ್ನು ನಿಲ್ಲಿಸಲು 1867ರಲ್ಲಿ ಸರ್ಕಾರ ಕಲ್ಲುಬೇಲಿ ಹಾಕಿದವರಿಗೆ ಹದಿನಾರೂವರೆ ಅಡಿಗೆ 40 ಸೆಂಟಿನಂತೆ ಹಣ ಕೊಡುತ್ತಿತ್ತು. ಹತ್ತಿರದ ಗುಡ್ಡದ ಮೇಲೆ 1882ರಲ್ಲಿ ಕಟ್ಟಿದ ಒಂದೇ ಕೋಣೆಯ ಶಾಲೆ ಇದೆ. 1930ರಲ್ಲಿ ಅಲ್ಲಿ ಪಾಠ ನಿಂತಿತು. ನೇಗಿಲನ್ನು ಮುರಿದ ನೆಲವೇ ಮನೆ ಕಟ್ಟಲು ಕಲ್ಲು ಕೊಟ್ಟಿತ್ತು.

ಈ ರ‍್ಯಾಂಚ್ ಸೇರಿದಂತೆ ಸುಮಾರು 11 ಸಾವಿರ ಎಕರೆ ಇಂದು ಟಾಲ್‌ಗ್ರಾಸ್ ಪ್ರೇರಿ ರಾಷ್ಟ್ರೀಯ ರಕ್ಷಿತ ತಾಣ. ಇದು ಸುಲಭವಾಗಿ ಆದದ್ದಲ್ಲ. ಹುಲ್ಲುಗಾವಲಿಗೊಂದು ರಾಷ್ಟ್ರೀಯ ಉದ್ಯಾನ ಬೇಕೆಂಬ ಕೂಗು ಹಳೆಯದು. 1961ರಲ್ಲಿ ಕಾನ್ಸಾಸ್‌ನ ಇನ್ನೊಂದು ಭಾಗದಲ್ಲಿ ಜಾಗ ನೋಡಲು ಬಂದಿಳಿದ ಕೇಂದ್ರ ಸಚಿವ ಸ್ಟುವರ್ಟ್ ಉಡಾಲ್ ಅವರನ್ನು ದನಗಾಹಿಯೊಬ್ಬ 'ನನ್ನ ಜಮೀನಿನಿಂದ ಆಚೆ ನಡೆಯಿರಿ' ಎಂದು ಕಳಿಸಿದ ಪ್ರಸಂಗ ಪ್ರಸಿದ್ಧ. ತಲೆಮಾರುಗಳಿಂದ ಹುಲ್ಲನ್ನು ಕಾಪಾಡಿಕೊಂಡು ಬಂದವರು ತಾವು, ಈಗ ಅದನ್ನು ಉಳಿಸುವ ನೆಪದಲ್ಲಿ ಸರ್ಕಾರ ತಮ್ಮನ್ನೇ ಎಬ್ಬಿಸಹೊರಟಿದೆ ಎಂಬುದು ದನಗಾಹಿಗಳ ಅಳಲು. ಅಳಲು ಸುಳ್ಳಲ್ಲ. ಆದರೆ ಎಬ್ಬಿಸುವ ಕೆಲಸ ಆ ನೆಲದಲ್ಲಿ ಮೊದಲ ಸಲ ನಡೆದದ್ದು ಯಾರಿಗಾಗಿ ಎಂಬುದನ್ನು ಕೌನ್ಸಿಲ್ ಗ್ರೋವ್ ನೋಡಿಬಂದ ಪ್ರಯಾಣಿಕ ಮರೆಯಲಾರ.

ಕೊನೆಗೆ ರಾಜಿಯಾಯಿತು. ಕಾನ್ಸಾಸ್‌ನ ಸೆನೆಟರ್ ನ್ಯಾನ್ಸಿ ಕಾಸೆಬಾಮ್ ಅವರ ಪ್ರಯತ್ನದಿಂದ 1996ರ ನವೆಂಬರ್‌ನಲ್ಲಿ ತಾಣ ಸ್ಥಾಪನೆಯಾಯಿತು. ಕೇಂದ್ರ ಸರ್ಕಾರ ಇಲ್ಲಿ 180 ಎಕರೆಗಿಂತ ಹೆಚ್ಚಿನ ನೆಲದ ಒಡೆಯನಾಗಬಾರದು ಎಂಬ ಮಿತಿಯನ್ನು ಕಾಯಿದೆಯಲ್ಲೇ ಸೇರಿಸಲಾಯಿತು. ಉಳಿದ ನೆಲ 2005ರಿಂದ ನೇಚರ್ ಕನ್ಸರ್ವೆನ್ಸಿ ಎಂಬ ಖಾಸಗಿ ಸಂಸ್ಥೆಯದು. ರಾಷ್ಟ್ರೀಯ ಉದ್ಯಾನ ಇಲಾಖೆ ಅದರ ಜೊತೆಗೂಡಿ ತಾಣವನ್ನು ನೋಡಿಕೊಳ್ಳುತ್ತದೆ. ಉದ್ಯಾನದೊಳಗೆ ದನಗಳೂ ಮೇಯುತ್ತವೆ.

ದನಗಳಿಗಿಂತ ಪ್ರವಾಸಿಗಳ ಕಣ್ಣು ಹುಡುಕುವುದು ಬೈಸನ್‌ಗಳನ್ನು. ನಮ್ಮ ಕಾಟಿಯನ್ನು ನೆನಪಿಸುವ, ಹೆಗಲ ಮೇಲೆ ಗುಡ್ಡದಂಥ ಡುಬ್ಬವೂ ಮುಖದ ತುಂಬ ಜೂಲೂ ಇರುವ ಪ್ರಾಣಿ ಇದು. ಕೋಟಿಗಳ ಲೆಕ್ಕದಲ್ಲಿದ್ದ ಇವು ಚರ್ಮದ ವ್ಯಾಪಾರಕ್ಕೂ, ಮೂಲನಿವಾಸಿಗಳ ಅನ್ನ ಕಿತ್ತುಕೊಳ್ಳುವ ರಾಜಕಾರಣಕ್ಕೂ ಬಲಿಯಾಗಿ, 1880ರ ದಶಕದ ಕೊನೆಗೆ ಸಾವಿರಕ್ಕೂ ಕಡಿಮೆಯಾಗಿದ್ದವು. ಬಯಲು ಖಾಲಿಯಾದ ಎರಡನೆಯ ಬಗೆ ಇದು. 2009ರಲ್ಲಿ ದಕ್ಷಿಣ ಡಕೋಟದ ವಿಂಡ್ ಕೇವ್ ಉದ್ಯಾನದಿಂದ 13 ಬೈಸನ್‌ಗಳನ್ನು ತಂದು ಇಲ್ಲಿ ಬಿಟ್ಟರು. ಆ ಹಿಂಡು ಇಲ್ಲಿಯೇ ಹುಟ್ಟಿ ಬೆಳೆದು ಹೆಚ್ಚಿದೆ. ನಡೆಯುವ ಹಾದಿ ಅವುಗಳ ಮೇವಿನ ನೆಲದ ನಡುವೆಯೇ ಹೋಗುತ್ತದೆ. ನೂರು ಗಜ ದೂರದಲ್ಲಿ ನಿಂತು ನೋಡುವುದು ನಿಯಮ. ಅದನ್ನು ಮೀರಿದರೆ ನಿಯಮಕ್ಕಿಂತ ಮೊದಲು ಬೈಸನ್ನೇ ಬುದ್ಧಿ ಕಲಿಸೀತು!

ಮಧ್ಯಾಹ್ನ ಎರಡು ಜೋಡಿ ಊರುಗಳಿಗೆ. ಮೊದಲನೆಯದು ಸ್ಟ್ರಾಂಗ್ ಸಿಟಿ. ಸಾಂಟಾ ಫೆ ರೈಲ್ವೆ ಕಂಪನಿಯ ಅಧ್ಯಕ್ಷನಾಗಿದ್ದ ವಿಲಿಯಂ ಬಾರ್‌ಸ್ಟೋ ಸ್ಟ್ರಾಂಗ್ ಹೆಸರು ಹೊತ್ತ, ರೈಲಿನಿಂದ ಬೆಳೆದ ಊರು. 1880ರಲ್ಲಿ ರೈಲು ಸಾಂಟಾ ಫೆ ಮುಟ್ಟಿದಾಗ ಗಾಡಿಗಳ ಹಾದಿಯ ಆಯುಸ್ಸು ತೀರಿತು. ಅಲ್ಲಿಂದ ಎರಡು ಮೈಲಿಯೊಳಗೆ, ಕಾಟನ್‌ವುಡ್ ನದಿ ದಾಟಿದರೆ ಕಾಟನ್‌ವುಡ್ ಫಾಲ್ಸ್. ಇಟ್ಟಿಗೆ ಹಾಸಿದ ಮುಖ್ಯ ಬೀದಿಯ ತುದಿಗೆ, ಬೀದಿಯನ್ನೇ ಕಾಯುವಂತೆ ನಿಂತಿರುವುದು ಚೇಸ್ ಕೌಂಟಿಯ ಕಚೇರಿ ಮತ್ತು ನ್ಯಾಯಾಲಯ. ಜಾನ್ ಹ್ಯಾಸ್ಕೆಲ್ ಎಂಬ ವಾಸ್ತುಶಿಲ್ಪಿ ಫ್ರೆಂಚ್ ಮಾದರಿಯ ಇಳಿಜಾರು ಮಾಡಿನೊಡನೆ ವಿನ್ಯಾಸ ಮಾಡಿದ ಈ ಸುಣ್ಣಕಲ್ಲಿನ ಕಟ್ಟಡ ಮುಗಿದದ್ದು 1873ರಲ್ಲಿ. ಒಳಗೆ ಕರಿ ವಾಲ್ನಟ್ ಮರದ ಸುರುಳಿ ಮೆಟ್ಟಿಲು ಮೂರಂತಸ್ತು ಏರುತ್ತದೆ. ಇಂದಿಗೂ ಬಳಕೆಯಲ್ಲಿರುವ ಕಾನ್ಸಾಸ್‌ನ ನ್ಯಾಯಾಲಯಗಳಲ್ಲಿ ಇದೇ ಅತ್ಯಂತ ಹಳೆಯದು.

1873 ಎಂಬ ಇಸವಿಯನ್ನು ಗಮನಿಸಬೇಕು. ಕಾ ಜನ ತೆಂಕಣಕ್ಕೆ ನಡೆದುಹೋದ ವರ್ಷವೂ ಅದೇ. ಇಪ್ಪತ್ತೆರಡು ಮೈಲಿ ಅಂತರದಲ್ಲಿ ಒಂದು ಜನಾಂಗ ಗಂಟುಮೂಟೆ ಕಟ್ಟುತ್ತಿದ್ದಾಗ ಇನ್ನೊಂದು ಜನ ಶಾಶ್ವತವಾಗಿ ನಿಲ್ಲುವ ಭರವಸೆಯಿಂದ ಕಲ್ಲಿನ ಕಚೇರಿ ಕಟ್ಟುತ್ತಿದ್ದರು. ಆ ಭರವಸೆಯೂ ಪೂರ್ತಿ ನಿಜವಾಗಲಿಲ್ಲ ಎಂಬುದು ಈ ಬಯಲಿನ ಮೂರನೆಯ ಪಾಠ. 1900ರಲ್ಲಿ ಚೇಸ್ ಕೌಂಟಿಯಲ್ಲಿ 8 ಸಾವಿರಕ್ಕೂ ಹೆಚ್ಚು ಜನರಿದ್ದರು. 2020ರ ಜನಗಣತಿಯಲ್ಲಿ ಸುಮಾರು 2,500. ದೊಡ್ಡ ಜಮೀನಿನ ದನಸಾಕಣೆಗೆ ಹೆಚ್ಚು ಕೈಗಳು ಬೇಕಿಲ್ಲ, ರೈಲಿನ ಕೆಲಸ ಹೋಯಿತು, ಓದಿದ ಮಕ್ಕಳು ನಗರ ಸೇರಿದರು. ವಿಲಿಯಂ ಲೀಸ್ಟ್ ಹೀಟ್-ಮೂನ್ ಎಂಬ ಲೇಖಕ ಇದೊಂದೇ ಕೌಂಟಿಯನ್ನು ವರ್ಷಗಟ್ಟಲೆ ನಡೆದು ನೋಡಿ 1991ರಲ್ಲಿ 'ಪ್ರೇರಿಅರ್ಥ್' ಎಂಬ ಬೃಹತ್ ಗ್ರಂಥವನ್ನೇ ಪ್ರಕಟಿಸಿದ. ಹಾರಿಹೋಗುವ ಸೀಮೆಯ ಒಂದು ತುಣುಕಿನಲ್ಲಿ ಅಷ್ಟು ಸರಕಿತ್ತು!

ಹಾರಿಹೋಗುವ ಮಾತು ಬಂದದ್ದರಿಂದ ಮುಂದಿನ ನಿಲ್ದಾಣ ಬಜಾರ್. ಹೆಸರು ಬಜಾರ್ ಆದರೂ ಇಂದು ಕೆಲವೇ ಮನೆಗಳ ಹಳ್ಳಿ. ಒಂದು ಕಾಲಕ್ಕೆ ಇಲ್ಲಿಂದ ರೈಲುಗಟ್ಟಲೆ ದನಗಳು ಮಾರುಕಟ್ಟೆಗೆ ಹೋಗುತ್ತಿದ್ದವು. 1931ರ ಮಾರ್ಚ್ 31ರಂದು ಈ ಹಳ್ಳಿಯ ಬಳಿಯ ಹುಲ್ಲಿನಲ್ಲಿ ಪ್ರಯಾಣಿಕ ವಿಮಾನವೊಂದು ಕೆಡೆದು ಎಂಟು ಮಂದಿಯೂ ಸತ್ತರು. ಅವರಲ್ಲೊಬ್ಬರು ನೋಟರ್ ಡೇಮ್ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ತರಬೇತುದಾರ ಕನೂಟ್ ರಾಕ್ನಿ. ದೇಶವೇ ಮರುಗಿತು. ಮರದ ರೆಕ್ಕೆಯ ಅಂಟು ತೇವಕ್ಕೆ ಬಿಟ್ಟು ರೆಕ್ಕೆ ಮುರಿದದ್ದು ಕಾರಣವೆಂದು ತಿಳಿದಾಗ ವಿಮಾನಗಳ ತಪಾಸಣೆ ಬಿಗಿಯಾಯಿತು, ಮರದ ರೆಕ್ಕೆಯ ಬದಲು ಪೂರ್ತಿ ಲೋಹದ ವಿಮಾನಗಳು ಬಂದವು. ಇಂದು ಈ ಬಯಲಿನ ಮೇಲೆ ನಿಶ್ಚಿಂತೆಯಿಂದ ಹಾರುವವರ ಸುರಕ್ಷತೆಗೂ ಈ ಬಯಲಿಗೂ ನಂಟಿದೆ ಎಂದರೆ ತಪ್ಪಾಗಲಾರದು.

ಮ್ಯಾಟ್‌ಫೀಲ್ಡ್ ಗ್ರೀನ್ ದಾಟಿ ಸಂಜೆಯ ಹೊತ್ತಿಗೆ ಕ್ಯಾಸೊಡೆ. ಈ ಪುಟ್ಟ ಊರು ತನ್ನನ್ನು ಜಗತ್ತಿನ ಪ್ರೇರಿ ಕೋಳಿಗಳ ರಾಜಧಾನಿ ಎಂದು ಕರೆದುಕೊಳ್ಳುತ್ತದೆ. ವಸಂತದ ಮುಂಜಾನೆ ಗಂಡು ಹಕ್ಕಿಗಳು ಕತ್ತಿನ ಎರಡು ಕಿತ್ತಳೆ ಬಣ್ಣದ ಚೀಲಗಳನ್ನು ಉಬ್ಬಿಸಿ, ಕಾಲು ಕುಟ್ಟುತ್ತಾ, ಖಾಲಿ ಸೀಸೆಯ ಬಾಯಿಗೆ ಊದಿದಂಥ ಗಂಭೀರ ದನಿ ಹೊರಡಿಸಿ ಹೆಣ್ಣುಗಳನ್ನು ಕರೆಯುತ್ತವೆ. ತಲೆಮಾರಿನಿಂದ ತಲೆಮಾರಿಗೆ ಅದೇ ದಿಣ್ಣೆ, ಅದೇ ಕುಣಿತ. ಆದರೆ ಹಕ್ಕಿಗಳ ಸಂಖ್ಯೆ ಇಳಿಮುಖವಾಗಿದೆ. ಒಮ್ಮೆಗೇ ಎಲ್ಲವನ್ನೂ ಸುಡದೆ, ಹೊಲವನ್ನು ಭಾಗ ಮಾಡಿ ವರ್ಷಕ್ಕೊಂದು ಭಾಗಕ್ಕೆ ಬೆಂಕಿಯಿಡುವ ಪದ್ಧತಿಯನ್ನು ರಕ್ಷಿತ ತಾಣದಲ್ಲಿ ಅನುಸರಿಸುತ್ತಿರುವುದು ಇಂಥ ಜೀವಿಗಳ ಸಲುವಾಗಿಯೇ.

ಹೋಗುವವರಿಗೆ ಒಂದೆರಡು ಕಿವಿಮಾತು. ಕಾನ್ಸಾಸ್ ಸಿಟಿಯಿಂದ ಕೌನ್ಸಿಲ್ ಗ್ರೋವ್‌ಗೆ ಕಾರಿನಲ್ಲಿ ಸುಮಾರು ಎರಡು ಗಂಟೆ. ಬೆಳಿಗ್ಗೆ ಬೇಗ ಹೊರಡುವುದು ಒಳಿತು. ಹೊಸ ಹಸಿರು ಬೇಕೆಂದರೆ ಮೇ ತಿಂಗಳು, ಆಳೆತ್ತರದ ಹುಲ್ಲು ತಾಮ್ರದ ಬಣ್ಣಕ್ಕೆ ತಿರುಗುವುದನ್ನು ನೋಡಬೇಕೆಂದರೆ ಸೆಪ್ಟೆಂಬರ್-ಅಕ್ಟೋಬರ್. ಊರುಗಳ ನಡುವೆ ಅಂಗಡಿಗಳು ವಿರಳ. ನೀರು, ತಿಂಡಿ, ಟೋಪಿ ಜೊತೆಯಲ್ಲಿರಲಿ. ಬೇಲಿಯಾಚೆಯ ನೆಲ ಬಹುಪಾಲು ಖಾಸಗಿಯವರದು. ರಸ್ತೆಯಿಂದ ನೋಡಿ ಸಂತೋಷಪಡಬೇಕು.

ಇದೆಲ್ಲ ದೂರದ ದೇಶದ ಸಂಗತಿ ನಿಜ. ಹುಲ್ಲಿನ ಬಯಲನ್ನು ಕಂಡೊಡನೆ 'ಪಾಳು ನೆಲ', 'ಬೀಳು ಭೂಮಿ' ಎಂದು ಬರೆದುಕೊಳ್ಳುವ ಕಣ್ಣು ಮಾತ್ರ ಯಾವ ದೇಶಕ್ಕೂ ಹೊರತಲ್ಲ. ಕಾಡು ಕಡಿದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಹುಲ್ಲು ಹೋದದ್ದು ಹೊಸ ಬೆಳೆ ನಿಂತ ಮೇಲೆ ಯಾರಿಗೂ ನೆನಪಿರುವುದಿಲ್ಲ. 17 ಕೋಟಿ ಎಕರೆಯ ಬಹುಪಾಲು ಹೋದದ್ದು ಹಾಗೆಯೇ. ಏನೂ ಇಲ್ಲದಂತೆ ಕಾಣುವ ನೆಲದ ಮುಂದೆ ನಿಂತಾಗ ಇಲ್ಲಿ ಯಾರಿದ್ದರು, ಅವರೇಕೆ ಹೋದರು, ಉಳಿದದ್ದು ಯಾರ ದೆಸೆಯಿಂದ ಉಳಿಯಿತು ಎಂಬ ಮೂರು ಪ್ರಶ್ನೆ ಕೇಳುವುದನ್ನು ಈ 47 ಮೈಲಿಯ ದಾರಿ ಕಲಿಸುತ್ತದೆ. ಅಷ್ಟು ಕಲಿಯುವುದಕ್ಕೆ ಒಂದು ದಿನ ಸಾಕು.